ಇರೋಮ್ ಶರ್ಮಿಳಾ ಮುಖ್ಯಮಂತ್ರಿಯ ಎದುರೇ ಏಕೆ ನಿಂತರು?

ಮೊದಲ ಬಾರಿ ಚುನಾವಣೆಗೆ ನಿಲ್ಲುವವರು ಸಾಮಾನ್ಯವಾಗಿ ಸುಲಭದ ಕ್ಷೇತ್ರ ಹುಡುಕುತ್ತಾರೆ. ಹಾಲಿ ಶಾಸಕರಿಗೆ ವಯಸ್ಸಾಗಿರಬೇಕು, ಇಲ್ಲವೇ ಅವರ ಮೇಲೆ ಜನರಿಗೆ ಬೇಸರ ಬಂದಿರಬೇಕು, ಇಲ್ಲವೇ ಅವರ ಪಕ್ಷದಲ್ಲೇ ಜಗಳ ನಡೆಯುತ್ತಿರಬೇಕು. 2017ರಲ್ಲಿ ಮಣಿಪುರದ ಇರೋಮ್ ಶರ್ಮಿಳಾ ಇದ್ಯಾವುದನ್ನೂ ನೋಡಲಿಲ್ಲ. 15 ವರ್ಷಗಳಿಂದ ಮುಖ್ಯಮಂತ್ರಿಯಾಗಿದ್ದ ಓಕ್ರಾಮ್ ಇಬೋಬಿ ಸಿಂಗ್ ಅವರ ಸ್ವಂತ ಕ್ಷೇತ್ರ ತೌಬಾಲ್‌ಗೆ ಹೋಗಿ, ಅವರ ಎದುರೇ ನಾಮಪತ್ರ ಸಲ್ಲಿಸಿದರು. ಫಲಿತಾಂಶ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಇಬೋಬಿ ಸಿಂಗ್ ಅವರಿಗೆ 18,649 ಮತ. ಎರಡನೇ ಸ್ಥಾನದ ಬಿಜೆಪಿ ಅಭ್ಯರ್ಥಿಗೆ 8,179. ಶರ್ಮಿಳಾ ಅವರಿಗೆ 90. ಯಾರೂ ಬೇಡ ಎಂದು ನೋಟಾ ಒತ್ತಿದವರೇ 143 ಜನ ಇದ್ದರು.

ನಮ್ಮ ಪಿಇಬಿಎ ತರಗತಿಯಲ್ಲಿ ರಾಜ್ಯಶಾಸ್ತ್ರದ ಸರ್ ಈ ಅಂಕಿಗಳನ್ನು ಬೋರ್ಡ್ ಮೇಲೆ ಬರೆದಾಗ ಹಿಂದಿನ ಬೆಂಚಿನಿಂದ ನಗು ಬಂತು. "ಗೆಲ್ಲೋದಿಲ್ಲ ಅಂತ ಗೊತ್ತಿದ್ದೂ ಯಾಕೆ ನಿಂತರು ಸರ್?" ಎಂದು ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಗಂಟೆ ಹೊಡೆದು ಉತ್ತರ ಅರ್ಧಕ್ಕೆ ನಿಂತಿತು. ಉಳಿದ ಅರ್ಧವನ್ನು ನಾನು ಓದಿ ತಿಳಿದುಕೊಂಡಷ್ಟು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಇದು ಹುಚ್ಚು ಸಾಹಸವಲ್ಲ. ಕಾನೂನಿನ ಪುಸ್ತಕ ತೆರೆದು ನೋಡಿದರೆ ಅವರು ತೌಬಾಲ್‌ಗೆ ಹೋದದ್ದಕ್ಕೆ ನೇರವಾದ ಕಾರಣವಿದೆ.

ಕಥೆ ಶುರುವಾಗುವುದು 2000ದ ನವೆಂಬರ್ 2ರಂದು. ಇಂಫಾಲ್ ಹತ್ತಿರ ಮಾಲೋಮ್ ಎಂಬ ಊರಿದೆ. ಅಂದು ಅಲ್ಲಿ ಅಸ್ಸಾಂ ರೈಫಲ್ಸ್ ಪಡೆಯ ಮೇಲೆ ಉಗ್ರರ ಬಾಂಬ್ ದಾಳಿ ನಡೆಯಿತು. ಅದರ ಬೆನ್ನಿಗೆ ಪಡೆಯವರು ಹಾರಿಸಿದ ಗುಂಡಿಗೆ ಹತ್ತು ಜನ ನಾಗರಿಕರು ಸತ್ತರು. ಬಸ್ಸಿಗೆ ಕಾಯುತ್ತಿದ್ದವರ ಮೇಲೂ ಗುಂಡು ಬಿದ್ದಿತ್ತು. ಸತ್ತವರಲ್ಲಿ 62 ವರ್ಷದ ಅಜ್ಜಿಯೊಬ್ಬರು ಇದ್ದರು. ಬಾಲ್ಯದಲ್ಲಿ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಪಡೆದಿದ್ದ 18 ವರ್ಷದ ಹುಡುಗನೊಬ್ಬ ಇದ್ದ. ಅಂದರೆ ನಮ್ಮ ಸೀನಿಯರ್‌ಗಳ ವಯಸ್ಸಿನವನು. ಆಗ ಶರ್ಮಿಳಾ ಅವರಿಗೆ 28 ವರ್ಷ. ಕೆಲವೇ ದಿನಗಳಲ್ಲಿ ಅವರು ಅನ್ನ ನೀರು ಬಿಟ್ಟು ಉಪವಾಸ ಕುಳಿತರು. ಅವರ ಬೇಡಿಕೆ ಒಂದೇ: ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು, ಅಂದರೆ ಪತ್ರಿಕೆಗಳಲ್ಲಿ 'ಆಫ್‌ಸ್ಪಾ' ಎಂದು ಬರುವ ಕಾಯ್ದೆಯನ್ನು, ತೆಗೆಯಬೇಕು.

ಈ ಕಾಯ್ದೆ 1958ರದ್ದು, ಬಹಳ ಚಿಕ್ಕದು. ಆದರೆ ಮೂರು ಸೆಕ್ಷನ್‌ಗಳನ್ನು ತಿಳಿದುಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ. ನಾಲ್ಕನೇ ಸೆಕ್ಷನ್ ಪ್ರಕಾರ, 'ಪ್ರಕ್ಷುಬ್ಧ ಪ್ರದೇಶ' ಎಂದು ಘೋಷಿಸಿದ ಜಾಗದಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಾರದು ಎಂಬಂಥ ಆದೇಶ ಮೀರಿದವರ ಮೇಲೆ ಅಥವಾ ಆಯುಧ ಹಿಡಿದವರ ಮೇಲೆ, ಎಚ್ಚರಿಕೆ ಕೊಟ್ಟ ನಂತರ, ಪ್ರಾಣ ಹೋಗುವಂತೆಯೂ ಗುಂಡು ಹಾರಿಸಬಹುದು. ಈ ಅಧಿಕಾರ ದೊಡ್ಡ ಅಧಿಕಾರಿಗಳಿಗೆ ಮಾತ್ರ ಅಲ್ಲ, ಹವಾಲ್ದಾರ್ ಮಟ್ಟದವರಿಗೂ ಇದೆ. ಆರನೇ ಸೆಕ್ಷನ್ ಪ್ರಕಾರ, ಹಾಗೆ ಮಾಡಿದವರ ಮೇಲೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಮೂರನೆಯ ಸೆಕ್ಷನ್ ಬಗ್ಗೆ ಆಮೇಲೆ ಹೇಳುತ್ತೇನೆ. ನಮ್ಮ ಪ್ರಶ್ನೆಯ ಉತ್ತರ ಅಡಗಿರುವುದು ಅಲ್ಲೇ.

ಉಪವಾಸ ಶುರುವಾದ ಕೆಲವೇ ದಿನಗಳಲ್ಲಿ ಪೊಲೀಸರು ಅವರನ್ನು ಬಂಧಿಸಿದರು. ಕಾರಣ, ಆತ್ಮಹತ್ಯೆಗೆ ಪ್ರಯತ್ನ. ಐಪಿಸಿ 309ನೇ ಸೆಕ್ಷನ್. ಆ ಸೆಕ್ಷನ್‌ನಲ್ಲಿ ಹೆಚ್ಚೆಂದರೆ ಒಂದು ವರ್ಷ ಶಿಕ್ಷೆ. ಹಾಗಾಗಿ ಒಂದು ವಿಚಿತ್ರ ಚಕ್ರ ತಿರುಗತೊಡಗಿತು. ವರ್ಷಕ್ಕೊಮ್ಮೆ ಬಿಡುಗಡೆ, ಅವರು ಊಟ ಮಾಡದೆ ಇರುವುದು, ಮತ್ತೆ ಬಂಧನ. ಇಂಫಾಲ್‌ನ ಸರ್ಕಾರಿ ಆಸ್ಪತ್ರೆಯ ಕೋಣೆಯೇ ಅವರ ಜೈಲು. ಮೂಗಿನಲ್ಲಿ ಹಾಕಿದ ನಳಿಕೆಯ ಮೂಲಕ ದ್ರವ ಆಹಾರ ಕೊಡುತ್ತಿದ್ದರು. ಇದು 16 ವರ್ಷ ನಡೆಯಿತು.

ಉಪವಾಸ ನಮಗೆ ಹೊಸದಲ್ಲ. ರಂಜಾನ್‌ನಲ್ಲಿ ರೋಜಾ ಇಟ್ಟುಕೊಂಡೇ ಪ್ರಿಪರೇಟರಿ ಪರೀಕ್ಷೆ ಬರೆದವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಆದರೆ ನಮಗೆ ಸಂಜೆ ಅಜಾನ್ ಆಗುತ್ತದೆ, ಖರ್ಜೂರ ಸಿಗುತ್ತದೆ, ತಿಂಗಳ ಕೊನೆಗೆ ಈದ್ ಬರುತ್ತದೆ. ಇಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಗೊತ್ತಿರುವ ಹಸಿವಿಗೂ ಯಾವಾಗ ಮುಗಿಯುತ್ತದೋ ಗೊತ್ತಿಲ್ಲದ ಹಸಿವಿಗೂ ಬಹಳ ವ್ಯತ್ಯಾಸ ಇದೆ. ನಾನು ಒಂಬತ್ತನೇ ರೋಜಾಕ್ಕೇ ಅಮ್ಮಿಯ ಹತ್ತಿರ ಇನ್ನೆಷ್ಟು ದಿನ ಎಂದು ಲೆಕ್ಕ ಕೇಳುವ ಜಾತಿ. ಹಾಗಾಗಿ 16 ವರ್ಷ ಎಂಬುದು ನನಗೆ ಓದಲು ಸಿಗುವ ಸಂಖ್ಯೆಯೇ ಹೊರತು ಕಲ್ಪನೆಗೆ ಸಿಗುವುದಿಲ್ಲ.

ಇಷ್ಟಾದರೂ ಕಾಯ್ದೆ ಹೋಗಲಿಲ್ಲ. ಕೇಂದ್ರ ಸರ್ಕಾರ 2004ರಲ್ಲಿ ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ ನೇಮಿಸಿತು. ಸಮಿತಿ 2005ರಲ್ಲಿ ಕಾಯ್ದೆಯನ್ನು ರದ್ದು ಮಾಡಿ ಎಂದೇ ವರದಿ ಕೊಟ್ಟಿತು. ರದ್ದಾಗಲಿಲ್ಲ. ಶರ್ಮಿಳಾ ಅವರ ಫೋಟೋ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು, ಪ್ರಶಸ್ತಿಗಳು ಬಂದವು, ಜನ ಅವರನ್ನು 'ಉಕ್ಕಿನ ಮಹಿಳೆ' ಎಂದರು. 2014ರ ಲೋಕಸಭಾ ಚುನಾವಣೆಯಲ್ಲಿ ತಾವೂ ಮತ ಹಾಕಬೇಕೆಂದು ಕೇಳಿದರು. ಬಂಧನದಲ್ಲಿರುವವರು ಮತ ಹಾಕಲು ಜನತಾ ಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಬಿಡುವುದಿಲ್ಲ, ಆಗಲಿಲ್ಲ. ಇಡೀ ದೇಶ ಗೌರವಿಸುವ ವ್ಯಕ್ತಿಗೆ ಒಂದು ಓಟು ಹಾಕುವ ಹಕ್ಕೂ ಇಲ್ಲದ ಸ್ಥಿತಿ ಅದು.

2016ರ ಆಗಸ್ಟ್ 9ರಂದು ಅವರು ಅಂಗೈಯಲ್ಲಿ ಸ್ವಲ್ಪ ಜೇನು ಹಾಕಿಸಿಕೊಂಡು ನೆಕ್ಕಿ ಉಪವಾಸ ಮುಗಿಸಿದರು. ಚುನಾವಣೆಗೆ ನಿಲ್ಲುತ್ತೇನೆ, ಮುಖ್ಯಮಂತ್ರಿಯಾಗಿ ಈ ಕಾಯ್ದೆಯನ್ನು ತೆಗೆಯುತ್ತೇನೆ ಎಂದರು. ಉಪವಾಸದಿಂದ ಆಗದ್ದು ಚುನಾವಣೆಯಿಂದ ಆಗಬಹುದೇ ನೋಡುತ್ತೇನೆ ಎಂಬುದು ಅವರ ಮಾತಿನ ಸಾರ. ಬಹಳ ಜನ ನಕ್ಕರು. ಇದು ಸಂಸತ್ತು ಮಾಡಿದ ಕಾಯ್ದೆ, ಒಂದು ಸಣ್ಣ ರಾಜ್ಯದ ಮುಖ್ಯಮಂತ್ರಿ ಅದನ್ನು ಹೇಗೆ ತೆಗೆಯುತ್ತಾರೆ ಎಂದರು.

ಈಗ ಮೂರನೇ ಸೆಕ್ಷನ್‌ಗೆ ಬರೋಣ. ಕಾಯ್ದೆ ಪುಸ್ತಕದಲ್ಲಿ ಇದ್ದರೆ ಸಾಲದು. ಅದು ನೆಲದ ಮೇಲೆ ಜಾರಿಯಾಗಬೇಕಾದರೆ ಯಾರಾದರೂ ಆ ಜಾಗವನ್ನು 'ಪ್ರಕ್ಷುಬ್ಧ ಪ್ರದೇಶ' ಎಂದು ಘೋಷಿಸಬೇಕು. ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ಇದೆ, ರಾಜ್ಯದ ರಾಜ್ಯಪಾಲರಿಗೂ ಇದೆ. ರಾಜ್ಯಪಾಲರು ಎಂದರೆ ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು ಎಂದು ನಾವು ಓದಿದ್ದೇವೆ. ಮಣಿಪುರದಲ್ಲಿ ಆ ಘೋಷಣೆಯನ್ನು ಮತ್ತೆ ಮತ್ತೆ ಮುಂದುವರಿಸುತ್ತಿದ್ದದ್ದು ರಾಜ್ಯ ಸರ್ಕಾರವೇ. ಅಂದರೆ ಕಾಯ್ದೆಯ ಬೀಗ ದೆಹಲಿಯದ್ದು, ಆದರೆ ಒಂದು ಕೀಲಿಕೈ ಇಂಫಾಲ್‌ನ ಮುಖ್ಯಮಂತ್ರಿ ಕಚೇರಿಯಲ್ಲೂ ಇತ್ತು.

ಇದು ಬರೀ ಸಿದ್ಧಾಂತ ಅಲ್ಲ, ನಡೆದಿರುವ ಸಂಗತಿ. 2004ರ ಜುಲೈನಲ್ಲಿ ತಂಗ್ಜಮ್ ಮನೋರಮಾ ಎಂಬ ಯುವತಿಯನ್ನು ಅಸ್ಸಾಂ ರೈಫಲ್ಸ್‌ನವರು ಮನೆಯಿಂದ ಹಿಡಿದುಕೊಂಡು ಹೋದರು, ನಂತರ ಆಕೆಯ ಹೆಣ ಸಿಕ್ಕಿತು. ಮಣಿಪುರದ ತಾಯಂದಿರು ಬೀದಿಗಿಳಿದರು. ಆ ಒತ್ತಡಕ್ಕೆ ರಾಜ್ಯ ಸರ್ಕಾರ ಆಗಸ್ಟ್‌ನಲ್ಲಿ ಇಂಫಾಲ್ ನಗರ ಪ್ರದೇಶದಿಂದ, ಅಂದರೆ ಏಳು ವಿಧಾನಸಭಾ ಕ್ಷೇತ್ರಗಳ ವ್ಯಾಪ್ತಿಯಿಂದ, ಪ್ರಕ್ಷುಬ್ಧ ಎಂಬ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಆಗ ಮುಖ್ಯಮಂತ್ರಿ ಯಾರು? ಇದೇ ಇಬೋಬಿ ಸಿಂಗ್. ಇನ್ನೊಂದು ಉದಾಹರಣೆ ತ್ರಿಪುರಾದ್ದು. ಅಲ್ಲಿ 1997ರಿಂದ ಇದ್ದ ಕಾಯ್ದೆಯನ್ನು ಮಾಣಿಕ್ ಸರ್ಕಾರ್ ಅವರ ಸರ್ಕಾರ 2015ರ ಮೇ ತಿಂಗಳಲ್ಲಿ ಪೂರ್ತಿ ತೆಗೆಯಿತು. ಒಂದು ಸಣ್ಣ ರಾಜ್ಯದ ಮುಖ್ಯಮಂತ್ರಿಗೆ ಅದು ಸಾಧ್ಯವಾಗಿತ್ತು.

ಈಗ ತೌಬಾಲ್ ಅರ್ಥವಾಗುತ್ತದೆ ಎಂದುಕೊಳ್ಳುತ್ತೇನೆ. 60 ಕ್ಷೇತ್ರಗಳಲ್ಲಿ ಏಳನ್ನು ಬಿಡಿಸಿದ ಮನುಷ್ಯ ಉಳಿದ 53ನ್ನು ಹನ್ನೆರಡು ವರ್ಷ ಹಾಗೇ ಬಿಟ್ಟಿದ್ದರು. ಸೇನೆಯ ಮೇಲೆ ಸಿಟ್ಟಿದ್ದರೆ ಎಲ್ಲಿ ಬೇಕಾದರೂ ಭಾಷಣ ಮಾಡಬಹುದು. ಸಹಿ ಹಾಕುವ ಕೈಯನ್ನು ಪ್ರಶ್ನಿಸಬೇಕಾದರೆ ಆ ಕೈ ಎಲ್ಲಿಂದ ಆಯ್ಕೆಯಾಗಿ ಬರುತ್ತದೋ ಅಲ್ಲಿಗೇ ಹೋಗಬೇಕು. ತಮ್ಮ ಮನೆ ಇರುವ ಖುರೈ ಕ್ಷೇತ್ರದ ಹೆಸರೂ ಮೊದಲು ಕೇಳಿಬಂದಿತ್ತು. ಕೊನೆಗೆ ಅವರು ನಿಂತದ್ದು ತೌಬಾಲ್‌ನಲ್ಲಿ ಮಾತ್ರ. ಮತದ ಲೆಕ್ಕದಲ್ಲಿ ಇದು ಕೆಟ್ಟ ಆಯ್ಕೆ. ಹಾಲಿ ಮುಖ್ಯಮಂತ್ರಿಯ ಕ್ಷೇತ್ರದ ಮತದಾರ ಅವರನ್ನು ಸೋಲಿಸಿ ಏನು ಪಡೆಯುತ್ತಾನೆ? ರಸ್ತೆ, ಆಸ್ಪತ್ರೆ, ಕೆಲಸಕ್ಕೆ ಒಂದು ಶಿಫಾರಸು, ಎಲ್ಲಕ್ಕೂ ಆ ಮನೆಯ ಬಾಗಿಲು ಹತ್ತಿರ. ಪ್ರಶ್ನೆ ಕೇಳುವುದಕ್ಕೆ ಸರಿಯಾದ ಜಾಗವೂ ಗೆಲ್ಲುವುದಕ್ಕೆ ಸರಿಯಾದ ಜಾಗವೂ ಒಂದೇ ಆಗಿರಬೇಕೆಂದಿಲ್ಲ. ಅವರು ಮೊದಲನೆಯದನ್ನು ಆರಿಸಿಕೊಂಡರು.

ಉಪವಾಸ ಬಿಟ್ಟ ದಿನದಿಂದಲೇ ಅವರ ಕಷ್ಟ ಹೆಚ್ಚಾಯಿತು ಎನ್ನುವುದು ನನಗೆ ಅತ್ಯಂತ ಬೇಸರ ತಂದ ಭಾಗ. ಅಂದು ರಾತ್ರಿ ಅವರನ್ನು ಉಳಿಸಿಕೊಳ್ಳಲು ಊರಿನವರು ಒಪ್ಪಲಿಲ್ಲ. ಪೊಲೀಸರು ಅವರನ್ನು ಮತ್ತೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. 16 ವರ್ಷ ಅವರ ಹಸಿವನ್ನು ಹೊಗಳಿದವರಿಗೆ ಅವರು ಊಟ ಮಾಡುವುದು, ಮದುವೆಯಾಗುತ್ತೇನೆ ಎನ್ನುವುದು, ಓಟು ಕೇಳುವುದು ಸಹಿಸಲಿಲ್ಲ. ನಾನು ದೇವತೆಯಲ್ಲ, ಸಾಮಾನ್ಯ ಮನುಷ್ಯಳಾಗಿ ಬದುಕಬೇಕು ಎಂದು ಅವರು ಹಲವು ಬಾರಿ ಹೇಳಿದ್ದಾರೆ. ಚುನಾವಣೆಗೆ ನಿಲ್ಲಲು ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಪ್ರತಿಮೆಯಂತೆ ಇದ್ದವರು ಜನರ ಮನೆ ಬಾಗಿಲು ತಟ್ಟುವ ಅಭ್ಯರ್ಥಿಯಾದರೆ, ಜನ ಅವರಿಗೆ 'ಬೇಡ' ಎನ್ನಬಹುದು. ಪ್ರತಿಮೆಗೆ ಯಾರೂ ಬೇಡ ಎನ್ನುವುದಿಲ್ಲ, ಅದರ ಮಾತು ಕೇಳುವುದೂ ಇಲ್ಲ.

ಅಕ್ಟೋಬರ್‌ನಲ್ಲಿ ಅವರು ಮತ್ತು ಕೆಲವು ಯುವಕರು ಸೇರಿ 'ಪೀಪಲ್ಸ್ ರಿಸರ್ಜೆನ್ಸ್ ಆ್ಯಂಡ್ ಜಸ್ಟಿಸ್ ಅಲಯನ್ಸ್' ಎಂಬ ಪಕ್ಷ ಕಟ್ಟಿದರು. ಚುನಾವಣೆಗೆ ಉಳಿದಿದ್ದದ್ದು ಐದು ತಿಂಗಳು ಮಾತ್ರ. ಹಣಕ್ಕಾಗಿ ಸಾರ್ವಜನಿಕರ ಹತ್ತಿರ ಸಣ್ಣ ಸಣ್ಣ ದೇಣಿಗೆ ಕೇಳಿದರು. ಅಭ್ಯರ್ಥಿ ಸೈಕಲ್ ಮೇಲೆ ಪ್ರಚಾರ ಮಾಡಿದರು. ಆಗ ಮಣಿಪುರದಲ್ಲಿ ಒಬ್ಬ ವಿಧಾನಸಭಾ ಅಭ್ಯರ್ಥಿ ಕಾನೂನು ಪ್ರಕಾರ 20 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದಿತ್ತು. ಆ ಮಿತಿಯನ್ನು ಮುಟ್ಟುವ ಯೋಚನೆಯೇ ಇಂಥ ಪಕ್ಷಕ್ಕೆ ಬರುವುದಿಲ್ಲ.

ಅಕೌಂಟೆನ್ಸಿ ಓದುವವರಿಗೆ ಒಂದು ಮಾತು. ಪಾಲುದಾರಿಕೆಯ ಪಾಠದಲ್ಲಿ ಗುಡ್‌ವಿಲ್ ಬರುತ್ತದಲ್ಲ, ಕಣ್ಣಿಗೆ ಕಾಣದ ಆಸ್ತಿ? ಹಳೆಯ ಅಂಗಡಿಗೆ ಗಿರಾಕಿ ಅಭ್ಯಾಸದಿಂದಲೇ ಬರುತ್ತಾನೆ. ಹಾಲಿ ಶಾಸಕರ ಬಲವೂ ಅಂಥದ್ದೇ. ಮದುವೆಗೆ ಬಂದಿದ್ದರು, ಜನಾಜಾಕ್ಕೆ ಬಂದಿದ್ದರು, ಮಗನ ಸೀಟಿಗೆ ಪತ್ರ ಕೊಟ್ಟಿದ್ದರು. ಇವು ಯಾವ ಖರ್ಚಿನ ಪಟ್ಟಿಯಲ್ಲೂ ಬರುವುದಿಲ್ಲ, ಯಾವ ಚುನಾವಣಾ ವೀಕ್ಷಕರೂ ಇವನ್ನು ಅಳೆಯಲಾರರು. ಶರ್ಮಿಳಾ ಅವರ ಹೆಸರು ಪ್ರಪಂಚಕ್ಕೇ ಗೊತ್ತಿತ್ತು, ನಿಜ. ಆದರೆ 16 ವರ್ಷ ಒಂದು ಕೋಣೆಯಲ್ಲಿದ್ದವರು ಯಾರ ಮದುವೆಗೂ ಹೋಗಿರಲಿಲ್ಲ.

ಅದೇ ಪಕ್ಷದಿಂದ ಒಟ್ಟು ಮೂವರು ನಿಂತಿದ್ದರು. ಅದರಲ್ಲಿ ಒಬ್ಬರ ವಿಷಯ ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬರಲೇಬೇಕು. ಅವರು ವಾಬಗೈ ಕ್ಷೇತ್ರದ ನಜೀಮಾ ಬೀಬಿ. ಮಣಿಪುರದ ಜನಸಂಖ್ಯೆಯಲ್ಲಿ ಮುಸ್ಲಿಮರು 2011ರ ಗಣತಿಯಂತೆ ಸುಮಾರು ಶೇ. 8. ಅವರನ್ನು ಪಂಗಲ್ ಎನ್ನುತ್ತಾರೆ. ಮನೆಯಲ್ಲಿ ಆಡುವ ಭಾಷೆ ಮಣಿಪುರಿ. (ಮುಸ್ಲಿಮರೆಂದರೆ ಮನೆಯಲ್ಲಿ ಉರ್ದು ಎಂದುಕೊಳ್ಳುವ ನಮ್ಮ ಮನೆಯವರಿಗೆ ಇದನ್ನು ನಂಬಿಸಲು ನನಗೆ ಒಂದು ಸಂಜೆ ಬೇಕಾಯಿತು.) ಆ ಸಮುದಾಯದಿಂದ ವಿಧಾನಸಭೆಗೆ ನಿಂತ ಮೊದಲ ಮಹಿಳೆ ನಜೀಮಾ ಎಂದು ಪತ್ರಿಕೆಗಳು ಬರೆದವು. ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಮೊದಲಿನಿಂದ ಕೆಲಸ ಮಾಡಿದವರು ಅವರು. ಅವರು ನಾಮಪತ್ರ ಹಾಕಿದಾಗ ಸ್ಥಳೀಯ ಧರ್ಮಗುರುಗಳ ಕಡೆಯಿಂದ ಫತ್ವಾ ಬಂತು: ಸ್ಪರ್ಧಿಸಿದರೆ ಸತ್ತಾಗ ಕಬರಸ್ತಾನದಲ್ಲಿ ಜಾಗವಿಲ್ಲ. ಅವರು ಕಣದಿಂದ ಹಿಂದೆ ಸರಿಯಲಿಲ್ಲ. ಸಿಕ್ಕಿದ್ದು 33 ಮತ.

ನಾನು ಆಲಿಮ್ ಅಲ್ಲ, ವಾಣಿಜ್ಯ ಓದುವ ವಿದ್ಯಾರ್ಥಿ. ಆದರೂ ಮದರಸಾದಲ್ಲಿ ಕಲಿತದ್ದು ಇಷ್ಟು ನೆನಪಿದೆ: ಮಯ್ಯತ್‌ನ ನಮಾಜ್ ಮತ್ತು ದಫನ್ ಫರ್ಜೆ ಕಿಫಾಯಾ. ಊರಿನಲ್ಲಿ ಒಬ್ಬರೂ ಮಾಡದಿದ್ದರೆ ಇಡೀ ಊರಿಗೆ ಗುನಾಹ್. ಅದು ಸತ್ತವರು ಯಾವ ಪಕ್ಷಕ್ಕೆ ನಿಂತಿದ್ದರು ಎಂದು ಕೇಳಿ ಕೊಡುವ ಬಹುಮಾನ ಅಲ್ಲ, ಬದುಕಿದ್ದವರ ಮೇಲಿರುವ ಸಾಲ. ಹಜರತ್ ಖದೀಜಾ ಅವರ ವ್ಯಾಪಾರದ ಬಗ್ಗೆ ನಾವು ಹೆಮ್ಮೆಯಿಂದ ಭಾಷಣ ಸ್ಪರ್ಧೆಯಲ್ಲಿ ಮಾತಾಡುತ್ತೇವೆ. ಒಬ್ಬ ಹೆಂಗಸು ಹೊರಗೆ ಬಂದು ನಾಲ್ಕು ಜನರ ಪರವಾಗಿ ಕೆಲಸ ಕೇಳಿದಾಗ ಮಾತ್ರ ಕಬರಿನ ಮಾತು ತೆಗೆಯುವುದು ನನಗೆ ಸರಿ ಕಾಣಲಿಲ್ಲ. ಶರ್ಮಿಳಾ ಎದುರಿಸಿದ್ದು ಮುಖ್ಯಮಂತ್ರಿಯನ್ನು. ನಜೀಮಾ ಎದುರಿಸಿದ್ದು ತನ್ನ ಮೊಹಲ್ಲಾವನ್ನು. ಯಾವುದು ಹೆಚ್ಚು ಕಷ್ಟ ಎಂದು ನಮ್ಮ ತರಗತಿಯ ಹುಡುಗಿಯರನ್ನು ಕೇಳಿ ನೋಡಿ.

ಇನ್ನು ಠೇವಣಿಯ ಲೆಕ್ಕ. ವಿಧಾನಸಭೆಗೆ ನಿಲ್ಲುವ ಸಾಮಾನ್ಯ ಅಭ್ಯರ್ಥಿ 10,000 ರೂಪಾಯಿ ಠೇವಣಿ ಇಡಬೇಕು. ಸೋತವರಿಗೆ ಅದು ವಾಪಸ್ ಸಿಗಬೇಕಾದರೆ ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆದಿರಬೇಕು. ತೌಬಾಲ್‌ನಲ್ಲಿ ಮೊದಲಿಬ್ಬರ ಮತ ಕೂಡಿಸಿದರೇ 26,828. ಅದರ ಆರನೇ ಒಂದು ಭಾಗ 4,471. ಶರ್ಮಿಳಾ ಅದರ ಹತ್ತಿರವೂ ಬರಲಿಲ್ಲ. ನಿಯಮವೇನೋ ಸರಿ, ಮೋಜಿಗೆ ನಿಲ್ಲುವವರನ್ನು ತಡೆಯಲು ಮಾಡಿದ್ದು. ಆದರೆ 16 ವರ್ಷ ಇಟ್ಟ ಠೇವಣಿಗೆ ಯಾವ ಕಾಲಂ ಇದೆ?

ಆ ಚುನಾವಣೆಯ ಹೊತ್ತಿಗೆ ಜನರ ತಲೆಯಲ್ಲಿ ಬೇರೆ ವಿಷಯವೂ ತುಂಬಿತ್ತು ಎನ್ನುವುದನ್ನು ಮರೆಯಬಾರದು. 2016ರ ನವೆಂಬರ್ 1ರಿಂದ ನಾಗಾ ಸಂಘಟನೆಯೊಂದು ಹೆದ್ದಾರಿಗಳ ಆರ್ಥಿಕ ದಿಗ್ಬಂಧನ ನಡೆಸುತ್ತಿತ್ತು. ಡಿಸೆಂಬರ್‌ನಲ್ಲಿ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿದ್ದರಿಂದ ಅದು ಇನ್ನಷ್ಟು ಬಿಗಿಯಾಯಿತು. ಪೆಟ್ರೋಲ್, ಅಡುಗೆ ಅನಿಲ, ಔಷಧಿ ಎಲ್ಲ ತುಟ್ಟಿ. ಸಿಲಿಂಡರ್‌ಗೆ ಸಾಲು ನಿಂತ ಮನೆಯವರಿಗೆ 1958ರ ಕಾಯ್ದೆ ದೂರದ ವಿಷಯವಾಗಿ ಕಂಡಿದ್ದರೆ ಅವರನ್ನು ಬೈಯುವುದು ಕಷ್ಟ.

ಇಬೋಬಿ ಸಿಂಗ್ ತೌಬಾಲ್‌ನಲ್ಲಿ ಗೆದ್ದರು, ಆದರೆ ಮುಖ್ಯಮಂತ್ರಿಯಾಗಿ ಉಳಿಯಲಿಲ್ಲ. ಕಾಂಗ್ರೆಸ್‌ಗೆ 28, ಬಿಜೆಪಿಗೆ 21 ಸ್ಥಾನ ಬಂದಿದ್ದರೂ ಇತರರ ಬೆಂಬಲದಿಂದ ಬಿಜೆಪಿಯ ಬಿರೇನ್ ಸಿಂಗ್ ಸರ್ಕಾರ ರಚಿಸಿದರು. ಶರ್ಮಿಳಾ ಮತದಾರರಿಗೆ 90 ಮತಗಳಿಗಾಗಿ ಧನ್ಯವಾದ ಹೇಳಿ, ರಾಜಕೀಯ ಸಾಕು ಎಂದು ಕೇರಳದ ಅಟ್ಟಪ್ಪಾಡಿಗೆ ವಿಶ್ರಾಂತಿಗೆ ಹೋದರು. ಅದೇ ವರ್ಷ ಕೊಡೈಕೆನಾಲ್‌ನಲ್ಲಿ ಮದುವೆಯಾದರು. 2019ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರಿಗೆ ಅವಳಿ ಹೆಣ್ಣುಮಕ್ಕಳಾದವು.

2022ರ ಏಪ್ರಿಲ್ 1ರಿಂದ ಮಣಿಪುರದ ಆರು ಜಿಲ್ಲೆಗಳ 15 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಪ್ರಕ್ಷುಬ್ಧ ಪ್ರದೇಶ ಎಂಬ ಘೋಷಣೆಯನ್ನು ತೆಗೆದರು. ಮರುವರ್ಷ ಇನ್ನೂ ನಾಲ್ಕು ಠಾಣೆ ಸೇರಿದವು. 2023ರ ಮೇ ತಿಂಗಳಲ್ಲಿ ಶುರುವಾದ ಹಿಂಸಾಚಾರದ ನಂತರ, 2024ರ ನವೆಂಬರ್‌ನಲ್ಲಿ, ಆರು ಠಾಣೆಗಳ ವ್ಯಾಪ್ತಿಗೆ ಅದು ವಾಪಸ್ ಬಂತು. ಮೊದಲು ಬಿಟ್ಟ ಆ 15 ಠಾಣೆಗಳ ಪಟ್ಟಿಯಲ್ಲಿ ತೌಬಾಲ್ ಹೆಸರೂ ಇದೆ.